ಖಾಲಿ ಚಿನ್ನದ ಮೇಲೆ ಎದ್ದ ಪೀಕ್: ಒಂದೊಂದೇ ಇವಿಯ ನ್ಯಾನೋ ಐಆರ್ ತೆಗೆದ ಲಾಗ್

ಮಷೀನಿನ ಸೂಜಿಮೊನೆ, ಅಂದ್ರೆ ಟಿಪ್, ಇಳಿಸಿದ್ದು ಖಾಲಿ ಚಿನ್ನದ ಮೇಲೆ. ಇವಿ ಅನ್ನೋ ಜೀವಕೋಶದ ಪುಟಾಣಿ ಚೀಲ ಇಲ್ಲ, ಅದು ತೇಲೋ ಉಪ್ಪುನೀರು (ಬಫರ್) ಇಲ್ಲ, ಏನಂದ್ರೆ ಏನೂ ಇಲ್ಲ. ಆದ್ರೂ 1260ರಲ್ಲಿ ಸೂಜಿ ತರ ಒಂದು ಪೀಕ್ ಎದ್ದು ಕೂತಿತ್ತು. ಅದರ ಹಿಂದಿನ ದಿನ ಅದೇ ಪೀಕನ್ನ ಇವಿ ಮೇಲೆ ನೋಡಿ "ಫಾಸ್ಫೇಟ್ ಸಿಕ್ತು" ಅಂತ ಲ್ಯಾಬ್ ತುಂಬಾ ಡಂಗುರ ಹೊಡ್ಕೊಂಡು ಬಂದಿದ್ದೆ ನಾನು. ಆ ಮರ್ಯಾದೆ ಹೋದ ಕಥೆ, ಅದಕ್ಕೂ ಮುಂಚೆ ಎರಡು ವರ್ಷ ಮುಸುಕು ಹಾಕ್ಕೊಂಡು ಮಲಗಿದ್ದ ನ್ಯಾನೋ ಐಆರ್ ಮಷೀನ್ (ಒಂದೊಂದೇ ಕಣ ಯಾವ ಇನ್ಫ್ರಾರೆಡ್ ಬೆಳಕು ಹೀರತ್ತೆ ಅಂತ ಅಳೆಯೋದು) ಎಬ್ಬಿಸಿದ ಕಥೆ ಎರಡೂ ಸೇರಿಸಿ ಬರೀತಿದೀನಿ, ಯಾಕಂದ್ರೆ ಪೇಪರ್‌ಗಳಲ್ಲಿ ಈ ಭಾಗ ಬರೋದೇ ಅಪರೂಪ, ಮೆಥಡ್ಸ್‌ನಲ್ಲಿ "ಸ್ಯಾಂಪಲ್ ತೊಳೆದು ಒಣಗಿಸಲಾಯಿತು" ಅಂತ ಒಂದು ಸಾಲು ಇರತ್ತೆ, ಮುಗೀತು.

ಇನ್ಮೇಲೆ 1260, 1655 ಅಂತ ಬರೀ ನಂಬರ್ ಬರೆದ್ರೆ ಅದು ವೇವ್‌ನಂಬರ್ ಅಂತ ಓದ್ಕೊಳ್ಳಿ, ಒಂದು ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ಅಲೆ ಕೂರತ್ತೆ ಅನ್ನೋ ಲೆಕ್ಕ. 1655 ಅಂದ್ರೆ ಸುಮಾರು 6 ಮೈಕ್ರಾನ್ ಅಲೆಯುದ್ದ.

ಆ 6 ಮೈಕ್ರಾನ್‌ನಲ್ಲೇ ಇರೋದು ತಲೆನೋವು. ಇವಿ, ಅಂದ್ರೆ ಎಕ್ಸ್‌ಟ್ರಾಸೆಲ್ಯುಲರ್ ವೆಸಿಕಲ್, ಜೀವಕೋಶ ಹೊರಗೆ ಬಿಡೋ ಪುಟಾಣಿ ಕೊಬ್ಬಿನ ಚೀಲ, ಒಳಗೆ ಪ್ರೋಟೀನು, ಆರ್‌ಎನ್‌ಎ ಚೂರುಪಾರು. ಸಣ್ಣವು 30ರಿಂದ 150 ನ್ಯಾನೋಮೀಟರ್. ಮಾಮೂಲಿ ಐಆರ್ ಮೈಕ್ರೋಸ್ಕೋಪು ಬೆಳಕಿನ ಅಲೆಯುದ್ದಕ್ಕಿಂತ ತುಂಬಾ ಸಣ್ಣದನ್ನ ಬಿಡಿಸಿ ತೋರಿಸಲ್ಲ, ಹಾಗಾಗಿ ಒಂದು ಪಿಕ್ಸೆಲ್‌ನಲ್ಲಿ ಸಾವಿರಾರು ಇವಿ ಗುಂಪಾಗಿ ಕೂತಿರ್ತವೆ, ಬರೋದು ಎಲ್ಲದರ ಸರಾಸರಿ. ಸರಾಸರಿ ಬೇಕಿದ್ರೆ ಒಂದು ಹನಿ ಒಣಗಿಸಿ ಎಫ್‌ಟಿಐಆರ್ ಅನ್ನೋ ಮಾಮೂಲಿ ಐಆರ್ ಮಷೀನಿಗೆ ಇಟ್ರೆ ಹತ್ತು ನಿಮಿಷದಲ್ಲಿ ಸಿಗತ್ತೆ. ನಮಗೆ ಬೇಕಿದ್ದಿದ್ದು ಅದಲ್ಲ. ಆ ಟ್ಯೂಬ್‌ನಲ್ಲಿರೋ ಕಣಗಳಲ್ಲಿ ಎಷ್ಟು ನಿಜವಾಗ್ಲೂ ಇವಿ, ಎಷ್ಟು ಬರೀ ಪ್ರೋಟೀನ್ ಉಂಡೆ, ಎಷ್ಟು ರಕ್ತದಲ್ಲಿ ಕೊಬ್ಬು ಹೊರೋ ಲೈಪೋಪ್ರೋಟೀನ್ ಅನ್ನೋದು. ಕಣ ಎಣಿಸೋ ಎನ್‌ಟಿಎ ಮಷೀನಿಗೆ ಮೂರೂ ಒಂದೇ, ಬೆಳಕಿನ ಚುಕ್ಕೆ.

ಉಪಾಯ ಏನಂದ್ರೆ ಇವಿ ಬೆಳಕು ಹೀರಿದ್ದನ್ನ ಬೆಳಕಿನಿಂದ ನೋಡೋದು ಬಿಟ್ಟು ಬೆರಳಲ್ಲಿ ಮುಟ್ಟಿ ನೋಡೋದು. ಎಎಫ್‌ಎಂ, ಅಂದ್ರೆ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್, 1986ರಿಂದ ಇದೆ, ಬಿನ್ನಿಗ್, ಕ್ವೇಟ್, ಗೆರ್ಬರ್ ಮೂರು ಜನ ಮಾಡಿದ್ದು. ಅದರ ಚೂಪು ಮುಳ್ಳನ್ನ, ಅಂದ್ರೆ ಟಿಪ್ಪನ್ನ, ಇವಿ ಮೇಲೆ ಇಟ್ಟು, ಪಕ್ಕದಿಂದ ಐಆರ್ ಲೇಸರ್ ಪಲ್ಸ್ ಹೊಡೀತೀರ. ಇವಿ ಆ ಬಣ್ಣ ಹೀರ್ಕೊಂಡ್ರೆ ಒಂಚೂರು ಬಿಸಿಯಾಗತ್ತೆ, ಬಿಸಿಯಾದ್ರೆ ಒಂಚೂರು ಉಬ್ಬತ್ತೆ, ಉಬ್ಬಿದ್ದು ಮುಳ್ಳಿಗೆ ಗೊತ್ತಾಗತ್ತೆ. ಲೇಸರ್ ಬಣ್ಣ ಬದಲಾಯಿಸ್ತಾ ಹೋದ್ರೆ ಆ ಒಂದು ಜಾಗದ ಸ್ಪೆಕ್ಟ್ರಂ ಕೈಗೆ ಬರತ್ತೆ. 2005ರಲ್ಲಿ ಫ್ರಾನ್ಸಿನ ಓರ್ಸೆಯಲ್ಲಿ ಅಲೆಕ್ಸಾಂಡರ್ ದಾಝಿ ತಂಡ ಇದನ್ನ ಮೊದಲು ತೋರಿಸ್ದಾಗ ಬೆಳಕಿಗೆ ಫ್ರೀ ಎಲೆಕ್ಟ್ರಾನ್ ಲೇಸರ್ ಬೇಕಿತ್ತು, ಅದೊಂದು ದೊಡ್ಡ ಹಾಲ್ ತುಂಬೋ ಯಂತ್ರ. ಈಗ ಅದೇ ಕೆಲಸ ಶೂ ಡಬ್ಬಿಯಷ್ಟಿರೋ ಕ್ವಾಂಟಂ ಕ್ಯಾಸ್ಕೇಡ್ ಲೇಸರ್ ಮಾಡತ್ತೆ. ನಮ್ಮದ್ರಲ್ಲಿ ನಾಲ್ಕು ಚಿಪ್, ಹೆಚ್ಚುಕಮ್ಮಿ 950ರಿಂದ 1800ರವರೆಗೆ.

ಎಬ್ಬಿಸೋ ಕೆಲಸ

ಮೊದಲ ವಾರ ಪೂರ್ತಿ ಲೇಸರ್ ಅಲೈನ್‌ಮೆಂಟ್. ಐಆರ್ ಕಣ್ಣಿಗೆ ಕಾಣಲ್ಲ, ಹಾಗಾಗಿ ಜೊತೆಗೆ ಒಂದು ಕೆಂಪು ಗೈಡ್ ಲೇಸರ್ ಕಳಿಸಿ ಅದನ್ನ ಟಿಪ್ ತುದಿಗೆ ತಂದು, ಆಮೇಲೆ ಫೋಕಸ್ ಮಾಡೋ ಕನ್ನಡಿಯನ್ನ ಮೋಟರ್‌ನಲ್ಲಿ ಅತ್ತಿತ್ತ ಆಡಿಸಿ ಸಿಗ್ನಲ್ ಎಲ್ಲಿ ಜಾಸ್ತಿ ಅಂತ ಹುಡುಕಬೇಕು. ಇದಕ್ಕೆ ಸ್ಯಾಂಪಲ್ ಪಿಎಂಎಂಎ ಅನ್ನೋ ಪ್ಲಾಸ್ಟಿಕ್ ಫಿಲ್ಮ್, ಅದು ಒಳ್ಳೇದು ಯಾಕಂದ್ರೆ 1730, 1450, 1150 ಮೂರೂ ಕಡೆ ಹೀರ್ಕೊಳ್ಳತ್ತೆ, ಲೇಸರ್‌ನ ಬೇರೆ ಬೇರೆ ಚಿಪ್‌ಗಳನ್ನ ಒಂದೇ ಫಿಲ್ಮ್ ಮೇಲೆ ಪರೀಕ್ಷೆ ಮಾಡ್ಬಹುದು. ಮಾಡಿದ್ಮೇಲೆ ಗೊತ್ತಾಗಿದ್ದು, 1730ಕ್ಕೆ ಸರಿ ಕೂರಿಸಿದ ಕನ್ನಡಿ 1150ಕ್ಕೆ ಹೋದ್ರೆ ಟಿಪ್ ಬಿಟ್ಟು ಹತ್ತಿಪ್ಪತ್ತು ಮೈಕ್ರಾನ್ ಆಚೆ ಹೊಡೀತಿತ್ತು. ಎತ್ತು ಏರಿಗೆ ಕೋಣ ನೀರಿಗೆ ಅನ್ನೋ ಹಾಗೆ ಪ್ರತಿ ಚಿಪ್‌ಗೂ ಒಂದೊಂದು ದಿಕ್ಕು. ಸಾಫ್ಟ್‌ವೇರ್‌ನಲ್ಲಿ ಪ್ರತಿ ಚಿಪ್‌ಗೂ ಕನ್ನಡಿಯ ಜಾಗ ಬೇರೆ ಬೇರೆ ಬರೆದಿಟ್ಟು ಸ್ಕ್ಯಾನ್ ಮಾಡುವಾಗ ತಾನೇ ಬದಲಾಗೋ ಹಾಗೆ ಮಾಡಿದ್ವಿ. ಚಿಪ್‌ನಿಂದ ಚಿಪ್‌ಗೆ ಹಾರೋ ಕಡೆ ಸ್ಪೆಕ್ಟ್ರಂನಲ್ಲಿ ಒಂದು ಮೆಟ್ಟಿಲು ಉಳಿಯತ್ತೆ, ನಮ್ಮಲ್ಲಿ ಒಂದು 1500ರ ಹತ್ರ ಬರತ್ತೆ, ಅದನ್ನ ಪೀಕ್ ಅಂತ ತಿಳ್ಕೊಂಡು ಮೋಸ ಹೋಗ್ಬಾರ್ದು ಅಂತ ಮಾನಿಟರ್ ಮೇಲೇ ಒಂದು ಚೀಟಿ ಅಂಟಿಸಿದೀನಿ.

ಆಮೇಲೆ ತೇವ. ಲೇಸರ್‌ನಿಂದ ಟಿಪ್‌ವರೆಗೆ ಬೆಳಕು ಒಂದೂವರೆ ಮೀಟರ್ ಗಾಳೀಲಿ ಓಡತ್ತೆ, ಗಾಳೀಲಿರೋ ನೀರಾವಿ 1400ರಿಂದ 1800ರವರೆಗೆ ಬಾಚಣಿಗೆ ಹಲ್ಲು ತರ ಸಣ್ಣ ಸಣ್ಣ ಗೆರೆ ಕಡಿದು ಹಾಕತ್ತೆ. ನಮಗೆ ಬೇಕಾದ ಅಮೈಡ್ ಒನ್ ಪೀಕ್, ಪ್ರೋಟೀನಿನ ಮುಖ್ಯ ಗುರುತು, ಸರಿಯಾಗಿ ಅದರ ನಡುವೇನೇ. ಹಾಗಾಗಿ ಅಕ್ರಿಲಿಕ್ ಹಾಳೆ ಕುಯ್ದು ಇಡೀ ಬೆಳಕಿನ ದಾರಿಗೊಂದು ಡಬ್ಬ ಕಟ್ಟಿ, ಸಂದಿಗೆಲ್ಲ ಸಿಲಿಕೋನ್ ಸೀಲೆಂಟ್ ಬಳಿದು (ಈ ಸೀಲೆಂಟ್ ನೆನಪಿಟ್ಕೊಳ್ಳಿ), ಒಣ ನೈಟ್ರೋಜನ್ ಬಿಟ್ವಿ. ತೇವ 5 ಪರ್ಸೆಂಟ್ ಕೆಳಗೆ ಬಂತು, ಖುಷಿ ಆಯ್ತು, ಎಎಫ್‌ಎಂ ಇಮೇಜ್ ತೆಗೆದ್ರೆ ತುಂಬಾ ಅಡ್ಡಡ್ಡ ಗೆರೆ. ನೈಟ್ರೋಜನ್ ಪೈಪ್ ಬಾಯಿಂದ ಬುಸ್ ಅಂತ ಬರೋ ಗಾಳಿ ಟಿಪ್ ಹೊತ್ತಿರೋ ತೆಳು ಪಟ್ಟಿ, ಕ್ಯಾಂಟಿಲಿವರನ್ನೇ ಅಲ್ಲಾಡಿಸ್ತಿತ್ತು. ಪೈಪ್ ತುದಿಗೆ ಹಿತ್ತಾಳೆ ಪುಡಿ ಒತ್ತಿ ಮಾಡಿರ್ತಾರಲ್ಲ, ನ್ಯೂಮ್ಯಾಟಿಕ್ ಲೈನ್‌ಗೆ ಹಾಕೋ ಸೈಲೆನ್ಸರ್, ಅದನ್ನ ತಿರುಪಿ ಹಾಕಿದ್ವಿ, ಗಾಳಿ ಎಲ್ಲಾ ಕಡೆ ನಿಧಾನಕ್ಕೆ ಸೋರೋ ಹಾಗೆ ಆಯ್ತು, ಗೆರೆ ಹೋಯ್ತು. ನೈಟ್ರೋಜನ್ ಹಚ್ಚಿಟ್ಟು ಸಣ್ಣ ರೂಮಿನ ಬಾಗಿಲು ಮುಚ್ಕೊಂಡು ಕೂರಬೇಡಿ, ಆಮ್ಲಜನಕ ಕಮ್ಮಿಯಾದ್ರೆ ಮನುಷ್ಯನಿಗೆ ಮೊದಲೇ ಗೊತ್ತಾಗಲ್ಲ. ನಾವು ಆಕ್ಸಿಜನ್ ಅಲಾರಂ ಹಾಕಿದೀವಿ.

ಓಡಿಸೋದು ಟ್ಯಾಪಿಂಗ್ ಮೋಡ್‌ನಲ್ಲಿ. ಮುಳ್ಳನ್ನ ಒತ್ತಿ ಎಳೆದಾಡಿದ್ರೆ ಇವಿ ಚಿನ್ನದ ಮೇಲೆ ಸವರಿ ಹೋಗತ್ತೆ, ತಟ್ಟಿ ತಟ್ಟಿ ಹೋದ್ರೆ ಉಳಿಯತ್ತೆ. ಕ್ಯಾಂಟಿಲಿವರ್‌ಗೆ ಒಂದಕ್ಕಿಂತ ಹೆಚ್ಚು ಕಂಪನ ಇರತ್ತೆ, ನಮ್ಮದಕ್ಕೆ ಮೊದಲನೇದು 68 ಕಿಲೋಹರ್ಟ್ಸ್, ಎರಡನೇದು 424ರ ಆಸುಪಾಸು. ತಟ್ಟೋದು ಎರಡನೇದರಲ್ಲಿ, ಲೇಸರ್ ಪಲ್ಸ್ ಎರಡರ ವ್ಯತ್ಯಾಸದಲ್ಲಿ, ಅಂದ್ರೆ 356ರಲ್ಲಿ. ಇವಿ ಉಬ್ಬಿ ಇಳಿಯೋದೂ ತಟ್ಟೋದೂ ಬೆರೆತು 68ರಲ್ಲಿ ಮಿಡಿಯತ್ತೆ, ಆ ಮಿಡಿತ ಎಷ್ಟು ಜೋರು ಅನ್ನೋದೇ ಐಆರ್ ಸಿಗ್ನಲ್. ಲೇಸರ್ ನೇರವಾಗಿ ಕ್ಯಾಂಟಿಲಿವರನ್ನೇ ಬಿಸಿ ಮಾಡಿ ಕೊಡೋ ಗಲಾಟೆ ಬಹುಪಾಲು 356ರಲ್ಲೇ ಉಳ್ಕೊಳ್ಳತ್ತೆ, ಅದೇ ಇದರ ಲಾಭ.

ಚಿನ್ನದ ಹಾಸು

ಇವಿ ಕೂರಿಸೋಕೆ ಚಿನ್ನ ಯಾಕೆ ಅಂದ್ರೆ ಚಿನ್ನ ಐಆರ್ ಹೀರ್ಕೊಳ್ಳಲ್ಲ, ವಾಪಸ್ ಎಸೆಯತ್ತೆ, ಮೇಲಾಗಿ ಚಿನ್ನ ಲೇಪಿಸಿದ ಟಿಪ್ಪಿಗೂ ಚಿನ್ನದ ಹಾಸಿಗೂ ನಡುವಿನ ಸಂದೀಲಿ ಬೆಳಕಿನ ಫೀಲ್ಡ್ ಜೋರಾಗತ್ತೆ. ಬರೀ ಸಿಲಿಕಾನ್ ಮೇಲೆ ಇಟ್ರೆ ಅದರ ಆಕ್ಸೈಡ್ ಪದರ 1100ರ ಸುತ್ತ ತನ್ನದೇ ಒಂದು ಗುಡ್ಡ ತೋರ್ಸತ್ತೆ.

ಮೊದಲು ತಗೊಂಡಿದ್ದು ಮಾಮೂಲಿ ಚಿನ್ನ ಲೇಪಿಸಿದ ಸ್ಲೈಡು. ಇಮೇಜ್ ತೆಗೆದ್ರೆ ಪರದೆ ತುಂಬಾ ದುಂಡು ದುಂಡು ಗುಳ್ಳೆ, ಆಹಾ ಎಷ್ಟೊಂದು ಇವಿ ಅಂದ್ಕೊಂಡೆ. ಅವೆಲ್ಲಾ ಚಿನ್ನದ್ದೇ ಹರಳು, 30, 40 ನ್ಯಾನೋಮೀಟರ್‌ದು. ಹಾಗಾಗಿ ಟೆಂಪ್ಲೇಟ್ ಸ್ಟ್ರಿಪ್ ಮಾಡಿದ ಚಿನ್ನಕ್ಕೆ ಬಂದ್ವಿ. ನುಣುಪಾದ ಸಿಲಿಕಾನ್ ವೇಫರ್ ಮೇಲೆ ಚಿನ್ನ ಕೂರಿಸಿ, ಅದರ ಬೆನ್ನಿಗೆ ಎಪಾಕ್ಸಿ ಹಾಕಿ ಗಾಜು ಅಂಟಿಸಿ, ಗಟ್ಟಿಯಾದ ಮೇಲೆ ಬ್ಲೇಡ್ ತುದೀಲಿ ಟಕ್ ಅಂತ ಎಬ್ಬಿಸಿದ್ರೆ ವೇಫರ್‌ಗೆ ತಾಗಿದ್ದ ನುಣುಪು ಮುಖ ಮೇಲೆ ಬರತ್ತೆ. ಏರುಪೇರು ಅರ್ಧ ನ್ಯಾನೋಮೀಟರ್ ಒಳಗೆ. ಆ ಟಕ್ ಸದ್ದಲ್ಲಿ ಒಂದು ಸಮಾಧಾನ ಇದೆ ನೋಡಿ. ಅಂಚಿನ ಹತ್ರ ಮಾತ್ರ ಅಳೀಬೇಡಿ, ಅಲ್ಲಿ ಎಪಾಕ್ಸಿ ಹರಿದು ಬಂದಿರತ್ತೆ, 1510ರಲ್ಲಿ ಹಲ್ಲು ಕಿರಿಯತ್ತೆ.

ಚಿನ್ನಕ್ಕೆ ಇವಿ ತಾನಾಗೇ ಚೆನ್ನಾಗಿ ಅಂಟಲ್ಲ. ಇವಿ ಮೈಮೇಲೆ ಋಣ ಚಾರ್ಜು, ಹಾಗಾಗಿ ಕೆಳಗೆ ಧನ ಚಾರ್ಜಿನ ಅಂಟು ಬೇಕು. ಎಲ್ಲರೂ ಪಾಲಿ ಲೈಸಿನ್ ಹಾಕ್ತಾರೆ ಅಂತ ನಾನೂ ಹಾಕ್ದೆ, ಇವಿ ಇಲ್ಲದ ಬ್ಲಾಂಕ್‌ನಲ್ಲೇ ಪ್ರೋಟೀನಿನ ಎರಡು ಗುರುತು, ಅಮೈಡ್ ಒನ್, ಅಮೈಡ್ ಟೂ ಎರಡೂ ಜೋರಾಗಿ ಬಂದ್ವು. ಬರದೇ ಏನು, ಪಾಲಿ ಲೈಸಿನ್ ಅನ್ನೋದೇ ಅಮೈನೋ ಆಮ್ಲದ ಸರ, ಅದಕ್ಕೂ ಪ್ರೋಟೀನಿಗೂ ಐಆರ್‌ನಲ್ಲಿ ಒಂದೇ ಬೆನ್ನೆಲುಬು. ಪ್ರೋಟೀನ್ ಹುಡುಕೋಕೆ ಹೊರಟು ಹಾಸಿಗೇನೇ ಪ್ರೋಟೀನಿನ ತಮ್ಮನ್ನ ಬಳಿದಿದ್ದೆ. ಅದನ್ನ ಬಿಟ್ಟು ಸಿಸ್ಟಮೀನ್ ಹಾಕಿದ್ವಿ, ಒಂದು ತುದೀಲಿ ಗಂಧಕ, ಅದು ಚಿನ್ನ ಕಚ್ಚತ್ತೆ, ಇನ್ನೊಂದು ತುದೀಲಿ ಅಮೀನ್, ಅದು ಇವಿ ಹಿಡಿಯತ್ತೆ, ನಡುವೆ ಎರಡೇ ಕಾರ್ಬನ್. ಅಷ್ಟು ತೆಳು ಪದರದ ಸಿಗ್ನಲ್ ನಮ್ಮ ನಾಯ್ಸ್‌ನಲ್ಲೇ ಮುಳುಗಿ ಹೋಗತ್ತೆ.

1260

ಈಗ ಡಂಗುರದ ವಿಷಯ. ಮೊದಲ ಇವಿ ಮೇಲೆ 1655 (ಅಮೈಡ್ ಒನ್) ಇತ್ತು, 1545 (ಅಮೈಡ್ ಟೂ) ಇತ್ತು, 1740ರಲ್ಲಿ ಕೊಬ್ಬಿನ ಎಸ್ಟರ್ ಸಣ್ಣದಾಗಿ ಇತ್ತು, 1260ರಲ್ಲಿ ಚೂಪಾದ್ದೊಂದು, 1020ರಿಂದ 1100ರವರೆಗೆ ಅಗಲವಾದ್ದೊಂದು. ಇವಿ ಪೊರೆಯ ಫಾಸ್ಫೋಲಿಪಿಡ್‌ನಲ್ಲಿ ಫಾಸ್ಫೇಟ್ ಇರತ್ತೆ, ಅದು 1240 ಮತ್ತೆ 1085ರಲ್ಲಿ ಬರಬೇಕು. 1260ಕ್ಕೂ 1240ಕ್ಕೂ ಇರೋ 20ರ ವ್ಯತ್ಯಾಸನ "ಕ್ಯಾಲಿಬ್ರೇಶನ್ ಸ್ವಲ್ಪ ಆಚೀಚೆ ಇರ್ಬಹುದು" ಅಂತ ನಾನೇ ನುಂಗಿಕೊಂಡೆ, ಅದೇ ಪಿಎಂಎಂಎಯ 1730 ಕೂದಲೆಳೆ ಆಚೀಚೆ ಇಲ್ದೆ ಸರಿಯಾಗಿ ಬಂದಿದ್ದನ್ನ ಮರೆತು. ಆಸೆ ಕಣ್ಣಿಗೆ ಪೊರೆ ಕಟ್ಟತ್ತೆ.

ಮಾರನೇ ದಿನ ಖಾಲಿ ಚಿನ್ನದ ಮೇಲೂ ಅದೇ ಜೋಡಿ ಬಂತು, ಆಗ ಇಳೀತು.

1260 ಚೂಪು, 1020ರಿಂದ 1100 ಅಗಲ, ಈ ಜೋಡಿ ಐಆರ್ ಮಾಡೋರಿಗೆ ಹಳೇ ಶತ್ರು. ಅದು ಸಿಲಿಕೋನ್, ಪಿಡಿಎಂಎಸ್. 1260 ಸಿಲಿಕಾನ್‌ಗೆ ತಗುಲಿದ ಮೀಥೈಲ್‌ದು, ಅಗಲದ್ದು ಸಿಲಿಕಾನ್, ಆಮ್ಲಜನಕ, ಸಿಲಿಕಾನ್ ಸರಪಳಿದು. 800ರ ಹತ್ರ ಇನ್ನೊಂದಿದೆ, ನಮ್ಮ ಲೇಸರ್ ಅಷ್ಟು ಕೆಳಗೆ ಇಳಿಯಲ್ಲ, ಇಳಿದಿದ್ರೆ ಮೊದಲ ದಿನಾನೇ ಸಿಕ್ಕಿಬೀಳ್ತಿತ್ತು.

ಸಿಲಿಕೋನ್ ಅಂದ ತಕ್ಷಣ ಕಣ್ಣು ಹೋಗಿದ್ದು ಡಬ್ಬದ ಸೀಲೆಂಟ್ ಮೇಲೆ. ನಾನೇ ಕೈಯಾರೆ ಬಳಿದಿದ್ದು. ಎರಡು ದಿನ ಬ್ಲೇಡ್ ಹಿಡ್ಕೊಂಡು ಸಂದಿಸಂದಿಯಿಂದ ಕೆರೆದು ತೆಗೆದು, ಮೇಲೆ ಅಲ್ಯೂಮಿನಿಯಂ ಟೇಪ್ ಸುತ್ತಿ, ಡಬ್ಬನೆಲ್ಲ ಐಪಿಎನಲ್ಲಿ (ಐಸೋಪ್ರೊಪೈಲ್ ಆಲ್ಕೋಹಾಲ್) ಒರೆಸಿ, ರಾತ್ರಿಯಿಡೀ ನೈಟ್ರೋಜನ್ ಬಿಟ್ಟು, ಹೊಸ ಚಿನ್ನ ಎಬ್ಬಿಸಿ ನೋಡಿದ್ರೆ 1260 ಅಷ್ಟೇ ಎತ್ತರಕ್ಕೆ ನಿಂತಿದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನೋ ಹಾಗೆ ಆ ಸೀಲೆಂಟ್‌ಗೆ ಸುಮ್ಮನೆ ಬೈದಿದ್ದು ಆಯ್ತು. ಟಿಪ್ ಬದಲಾಯಿಸ್ದೆ, ಅದೇ ಡಬ್ಬಿಯ ಇನ್ನೊಂದು ಟಿಪ್, ಅದೇ ಪೀಕ್. ಹಾಗಾಗಿ ಟಿಪ್‌ದಲ್ಲ ಅಂತ ತೀರ್ಮಾನ ಮಾಡಿ ಇನ್ನೊಂದು ದಿನ ಹಾಳು ಮಾಡ್ದೆ. "ಅದೇ ಡಬ್ಬಿಯ" ಅನ್ನೋ ಮಾತು ಲಾಗ್‌ಬುಕ್‌ನಲ್ಲಿ ನನ್ನ ಕೈಬರಹದಲ್ಲೇ ಇದೆ, ಕಣ್ಣಿಗೆ ಬೀಳಲಿಲ್ಲ ಅಷ್ಟೇ.

ಸುಳಿವು ಕೊಟ್ಟಿದ್ದು ಒಂದು ಇಮೇಜ್. ಹೊಸ ಟಿಪ್ ಇಳಿಸಿ ಖಾಲಿ ಚಿನ್ನದ ಮೇಲೆ 1 ಮೈಕ್ರಾನ್ ಚೌಕ ಸ್ಕ್ಯಾನ್ ಮಾಡಿ, ಆಮೇಲೆ 3 ಮೈಕ್ರಾನ್‌ಗೆ ದೊಡ್ಡದು ಮಾಡಿ 1260ರಲ್ಲಿ ಮ್ಯಾಪ್ ತೆಗೆದೆ. ನಟ್ಟ ನಡುವೆ ಮಂದವಾಗಿ ಹೊಳೆಯೋ ಒಂದು ಚೌಕ, ಅದರೊಳಗೆ ಟಿಪ್ ಮೊದಲು ಮುಟ್ಟಿದ ಜಾಗದಲ್ಲಿ ಇನ್ನೂ ಜೋರಾದ ಒಂದು ಚುಕ್ಕೆ. ಹೈಟ್ ಇಮೇಜ್‌ನಲ್ಲಿ ಆ ಚುಕ್ಕೆ ಒಂದು ನ್ಯಾನೋಮೀಟರ್‌ನಷ್ಟೂ ಎತ್ತರ ಇಲ್ಲ. ಅಂದ್ರೆ ಈ ಸಿಲಿಕೋನ್ ಎಣ್ಣೆ ಮೊದಲಿಂದ ಚಿನ್ನದ ಮೇಲೆ ಇರಲೇ ಇಲ್ಲ, ಟಿಪ್ ತಾನು ಮುಟ್ಟಿದ ಕಡೆಯೆಲ್ಲ ಒರೆಸ್ತಾ ಹೋಗ್ತಿತ್ತು, ಎಣ್ಣೆ ಕೈಯಲ್ಲಿ ಗೋಡೆ ಮುಟ್ಟಿದ ಹಾಗೆ.

ಟಿಪ್‌ಗಳು ಬರೋದು ಅಂಟಂಟು ಜೆಲ್ ಹಾಸಿದ ಪ್ಲಾಸ್ಟಿಕ್ ಡಬ್ಬೀಲಿ. ಆ ಜೆಲ್ಲೇ ಸಿಲಿಕೋನ್. ತಿಂಗಳುಗಟ್ಟಲೆ ಕೂತಾಗ ಜೆಲ್‌ನಲ್ಲಿ ಬಿಡಿಯಾಗಿರೋ ಎಣ್ಣೆ ಟಿಪ್ ಹೊತ್ತ ಸಿಲಿಕಾನ್ ತುಂಡಿನ ಮೈಮೇಲೆ ಹತ್ತಿ, ಹರಡಿ, ತುದಿವರೆಗೆ ಬರತ್ತೆ. ಎತ್ತರ ಮಾತ್ರ ಅಳೆಯೋರಿಗೆ ಅಷ್ಟಾಗಿ ಗೊತ್ತೇ ಆಗಲ್ಲ. ಕೆಮಿಸ್ಟ್ರಿ ಅಳೆಯೋರಿಗೆ ಮಾತ್ರ ಟಿಪ್ಪಿಗೂ ಚಿನ್ನಕ್ಕೂ ನಡುವೆ, ಸರಿಯಾಗಿ ಫೀಲ್ಡ್ ಜೋರಿರೋ ಆ ಒಂದೇ ಜಾಗದಲ್ಲಿ, ಎಣ್ಣೆ ಕೂತಿರತ್ತೆ. ಕ್ಲಿಪ್‌ನಲ್ಲಿ ಹಿಡಿದಿಟ್ಟಿದ್ದ ಹಳೇ ಟಿಪ್ ಒಂದು ಡ್ರಾಯರ್‌ನಲ್ಲಿತ್ತು, ಹಾಕಿ ನೋಡಿದ್ವಿ, 1260ರಲ್ಲಿ ಚಪ್ಪಟೆ. ಬೆಟ್ಟ ಅಗೆದು ಇಲಿ ಹಿಡಿದಿದ್ವಿ.

ತೊಳೆಯೋದಾದ್ರೂ ಸುಲಭ ಅಂದ್ಕೊಂಡ್ರೆ ಅಲ್ಲೂ ಒಂದು ಗುಂಡಿ. ಯುವಿ ಓಝೋನ್‌ನಲ್ಲಿ 20 ನಿಮಿಷ ಇಟ್ಟೆ, 1260 ಇಳೀತು, ಆದ್ರೆ 1080ರ ಸುತ್ತ ಅಗಲದ ಗುಡ್ಡ ಉಳೀತು, ಮೊದಲಿಗಿಂತ ದಪ್ಪ ಆಗಿ. ಓಝೋನ್ ಸಿಲಿಕೋನಿನ ಮೀಥೈಲನ್ನ ಸುಟ್ಟು ಹಾಕತ್ತೆ, ಸಿಲಿಕಾನ್ ಎಲ್ಲಿಗೂ ಹೋಗಲ್ಲ, ಅಲ್ಲೇ ಗಾಜಿನಂಥ ಪದರ ಆಗಿ ಕೂರತ್ತೆ. ಅದೂ ಎಲ್ಲಿ, ಫಾಸ್ಫೇಟಿನ 1085ರ ನೆತ್ತಿ ಮೇಲೆ. ಹಾಗಾಗಿ ಕ್ರಮ ಮುಖ್ಯ. ಮೊದಲು ಹೆಕ್ಸೇನ್‌ನಲ್ಲಿ ಹತ್ತು ನಿಮಿಷ, ಹೊಸ ಹೆಕ್ಸೇನ್‌ನಲ್ಲಿ ಇನ್ನೊಂದು ಸಲ, ಆಮೇಲೆ ಐಪಿಎ, ನೈಟ್ರೋಜನ್‌ನಲ್ಲಿ ಒಣಗಿಸಿ, ಕೊನೆಗೆ ಬೇಕಿದ್ರೆ ಐದು ನಿಮಿಷ ಓಝೋನ್. ಹೆಕ್ಸೇನ್ ಬೇಗ ಹತ್ತಿ ಉರಿಯೋ ಸರಕು, ಫ್ಯೂಮ್ ಹುಡ್‌ನಲ್ಲೇ ಮಾಡಿ, ಓಝೋನ್ ಡಬ್ಬಿಯ ದೀಪ ಅದರ ಪಕ್ಕ ಹಚ್ಚಬೇಡಿ. ತೊಳೆದ ಟಿಪ್ಪನ್ನ ಮತ್ತೆ ಜೆಲ್ ಡಬ್ಬಿಗೇ ಹಾಕಿದ ಮಹಾನುಭಾವ ಯಾರು ಅಂತ ಹೇಳಲ್ಲ, ಈ ಲಾಗ್ ಬರೀತಿರೋನೇ.

ಒಂದು ಹನಿಯ ಸ್ನಾನ

ಸ್ಯಾಂಪಲ್ ಕೊಟ್ಟಿದ್ದು ಸೆಲ್ ಕಲ್ಚರ್ ನೋಡ್ಕೊಳ್ಳೋ ಗೆಳತಿ. ಕೋಶಗಳಿಗೆ ಹಾಕೋ ಸೀರಂನಲ್ಲೇ ಹಸುವಿನ ಇವಿಗಳಿರ್ತವೆ, ಹಾಗಾಗಿ ಸೀರಂ ಇಲ್ದೇ ಒಂದು ದಿನ ಬೆಳೆಸಿ, ಮೇಲಿನ ದ್ರವ ತಗೊಂಡು 300 ಜಿ (ಭೂಮಿಯ ಸೆಳೆತದ 300 ಪಟ್ಟು), 2,000 ಜಿ, 10,000 ಜಿನಲ್ಲಿ ತಿರುಗಿಸಿ ಕೋಶ, ಕಸ, ದೊಡ್ಡ ಚೀಲ ಎಲ್ಲ ತೆಗೆದು, ಉಳಿದಿದ್ದನ್ನ ಗಾತ್ರ ನೋಡಿ ಬೇರೆ ಮಾಡೋ ಸೈಜ್ ಎಕ್ಸ್‌ಕ್ಲೂಶನ್ ಕಾಲಂನಲ್ಲಿ ಇಳಿಸಿ ಕೊಟ್ಟಿದ್ಲು. ನಾನು "ಎಕ್ಸೋಸೋಮ್" (ಇವಿಗಳಲ್ಲೇ ಒಂದು ಬಗೆ) ಅಂತ ಟ್ಯೂಬ್ ಮೇಲೆ ಬರೆದ್ರೆ ಅಳಿಸಿ "ಇವಿ" ಅಂತ ಬರೆದ್ಲು, ಕೋಶದ ಯಾವ ಭಾಗದಿಂದ ಹೊರಗೆ ಬಂದಿದ್ದು ಅಂತ ತೋರಿಸದೇ ಆ ಹೆಸರು ಇಡಬಾರ್ದು ಅಂತ ಇವಿ ಸಂಶೋಧಕರ ಎಂಐಎಸ್‌ಇವಿ ಗೈಡ್‌ಲೈನೂ ಹೇಳತ್ತೆ.

ಆದ್ರೆ ಬಂದಿದ್ದು ಪಿಬಿಎಸ್ ಅನ್ನೋ ಉಪ್ಪುನೀರಿನ ಬಫರ್‌ನಲ್ಲಿ. ಹಾಗೇ ಒಣಗಿಸಿದ್ರೆ ಚಿನ್ನದ ಮೇಲೆ ಜರಿಗಿಡದ ಎಲೆ ತರ ಉಪ್ಪಿನ ಹರಳು ಹರಡ್ಕೊಂಡು ಇವಿ ಎಲ್ಲಾ ಅದರಡಿ ಸಮಾಧಿ, ಮೇಲಾಗಿ ಪಿಬಿಎಸ್‌ನ ಪಿ ಅಂದ್ರೇನೇ ಫಾಸ್ಫೇಟು. ನೀರಲ್ಲಿ ತೊಳೆಯೋಣ ಅಂದೆ. "ಲೋ, ಬರೀ ನೀರು ಹಾಕಿದ್ರೆ ಉಬ್ಬಿ ಒಡ್ದು ಹೋಗ್ತವೆ ಕಣೋ, ನಾನು ಎರಡು ದಿನ ಕೂತು ಮಾಡಿದೀನಿ" ಅಂತ ಟ್ಯೂಬ್ ವಾಪಸ್ ಇಸ್ಕೊಂಡ್ಲು. ಹೇಳಿದ್ದು ಸರೀನೇ, ಹೊರಗೆ ಉಪ್ಪಿಲ್ದೇ ಹೋದ್ರೆ ನೀರು ಒಳಗೆ ನುಗ್ಗತ್ತೆ. ಕೊನೆಗೆ ಒಪ್ಪಂದ ಆಗಿದ್ದು ಅಮೋನಿಯಂ ಅಸಿಟೇಟ್ ಮೇಲೆ. ಅದೂ ಉಪ್ಪೇ, ಉಪ್ಪಿನ ಒತ್ತಡ ಕಾಪಾಡತ್ತೆ, ಆದ್ರೆ ಒಣಗ್ತಾ ಒಣಗ್ತಾ ಆವಿಯಾಗಿ ಹೋಗತ್ತೆ.

ಹೀಗೆ ಮಾಡಿದ್ವಿ. ಸಿಸ್ಟಮೀನ್ ಹಾಕಿದ ಚಿನ್ನದ ಮೇಲೆ 10 ಮೈಕ್ರೋಲೀಟರ್ ಹನಿ, ಒದ್ದೆ ಟಿಶ್ಯೂ ಇಟ್ಟ ಪೆಟ್ರಿ ಡಿಶ್ ಒಳಗೆ 15 ನಿಮಿಷ ಮುಚ್ಚಿಟ್ವಿ, ಹನಿ ಒಣಗಬಾರ್ದು ಅಂತ. ಆಮೇಲೆ ಫಿಲ್ಟರ್ ಪೇಪರ್ ಚೂರಿನ ಅಂಚನ್ನ ಹನಿಯ ಪಕ್ಕಕ್ಕೆ ತಾಗಿಸಿದ್ರೆ ಹನಿ ಸರ್ರಂತ ಅದರೊಳಗೆ ಹೋಗತ್ತೆ, ಪೂರ್ತಿ ಹೀರಿಸಬಾರ್ದು, ತೆಳ್ಳಗೆ ಹೊಳಪು ಉಳಿದಿರೋವಾಗ್ಲೇ 50 ಮೈಕ್ರೋಲೀಟರ್ ಅಮೋನಿಯಂ ಅಸಿಟೇಟ್ ಮೇಲೆ ಬಿಡಬೇಕು. ಮೂರು ಸಲ ಹಾಗೆ. ಕೊನೇಲಿ ಒಂದೇ ಒಂದು ಸಲ ನೀರು, ಬಿಟ್ಟ ಕೂಡ್ಲೇ ಎಳೆದು, ನೈಟ್ರೋಜನ್ ಮೆಲ್ಲಗೆ. ಅವಳು ಪಕ್ಕದಲ್ಲೇ ನಿಂತು ಸೆಕೆಂಡು ಎಣಿಸ್ತಿದ್ಲು. ರಾತ್ರಿಯಿಡೀ ಡೆಸಿಕೇಟರ್‌ನಲ್ಲಿ, ಅಂದ್ರೆ ತೇವ ಹೀರೋ ಮುಚ್ಚಿದ ಪಾತ್ರೇಲಿ. ಬೆಳಿಗ್ಗೆ ಖಾಲಿ ಜಾಗದಲ್ಲಿ 1560, 1410 ನೋಡಿದ್ರೆ ಅಸಿಟೇಟ್ ಉಳಿದಿದ್ಯಾ ಇಲ್ವಾ ಗೊತ್ತಾಗತ್ತೆ, 1560 ಉಳಿದ್ರೆ ಅಮೈಡ್ ಟೂ ಮೇಲೆ ಸವಾರಿ ಮಾಡತ್ತೆ.

ಕೊನೆಗೂ ಇವಿ

ಒಣಗಿದ ಇವಿ ಗುಂಡಗಿರಲ್ಲ, ಕೂತ ಹಿಟ್ಟಿನ ಉಂಡೆ ತರ ಚಪ್ಪಟೆ. ನಮ್ಮ ಮೂರನೇ ಕಣ 25 ನ್ಯಾನೋಮೀಟರ್ ಎತ್ತರ, 140 ಅಗಲ. ಅದನ್ನ ಗೋಳದ ಮೇಲ್ಭಾಗ ಕತ್ತರಿಸಿಟ್ಟ ಟೋಪಿ ಅಂತ ತಗೊಂಡು ಗಾತ್ರ ಲೆಕ್ಕ ಹಾಕಿದ್ರೆ ಸುಮಾರು 2 ಲಕ್ಷ ಘನ ನ್ಯಾನೋಮೀಟರ್, ಅಷ್ಟೇ ಗಾತ್ರದ ಗುಂಡು ಮಾಡಿದ್ರೆ ವ್ಯಾಸ 73. ಟಿಪ್ ತಾನೇ ದಪ್ಪ ಇರೋದ್ರಿಂದ ಅಗಲ ಇದ್ದಿದ್ದಕ್ಕಿಂತ ಜಾಸ್ತಿ ಕಾಣತ್ತೆ, ಹಾಗಾಗಿ ನಿಜವಾದ್ದು ಇನ್ನೂ ಚಿಕ್ಕದು. ತೂಕ ಬೇಕಾ, ಇಷ್ಟು ಗಾತ್ರದ್ದು ಒಂದು ಫೆಮ್ಟೋಗ್ರಾಂನ ಐದನೇ ಒಂದು ಭಾಗ. ಅಷ್ಟರಿಂದ ಸ್ಪೆಕ್ಟ್ರಂ ಬರತ್ತೆ ಅನ್ನೋದು ನನಗೆ ಈಗ್ಲೂ ಸ್ವಲ್ಪ ಪವಾಡಾನೇ.

ಎನ್‌ಟಿಎ ಕೊಟ್ಟ ಸೈಜು ಇದಕ್ಕಿಂತ ದೊಡ್ಡದಿತ್ತು, ಅದರಲ್ಲಿ ಜಗಳ ಇಲ್ಲ. ಅದು ನೀರಲ್ಲಿ ಓಲಾಡೋ ಕಣ ಅಳೆಯತ್ತೆ, ಮತ್ತೆ ತುಂಬಾ ಸಣ್ಣವು ಅದರ ಕಣ್ಣಿಗೇ ಬೀಳಲ್ಲ.

ಲೇಸರ್ ಪವರ್ ವಿಷಯದಲ್ಲಿ ಒಂದು ಕಣ ಬಲಿ ಕೊಟ್ವಿ. ಸಿಗ್ನಲ್ ಚೆನ್ನಾಗಿ ಬರ್ಲಿ ಅಂತ ಪವರ್ ಏರಿಸಿ ಸ್ಪೆಕ್ಟ್ರಂ ತೆಗೆದೆ, ಅಂದವಾಗಿ ಬಂತು, ಮತ್ತೆ ಹೈಟ್ ಇಮೇಜ್ ತೆಗೆದ್ರೆ 24 ಇದ್ದ ಎತ್ತರ 19ಕ್ಕೆ ಇಳಿದಿದೆ, ಪಕ್ಕದಲ್ಲಿ ತೆಳ್ಳಗೆ ಕೊಬ್ಬು ಹರಡಿದೆ. ಕರಗಿಸಿಬಿಟ್ಟಿದ್ದೆ. ಈಗ ಅತಿ ಕಮ್ಮಿ ಪವರ್‌ನಿಂದ ಶುರು ಮಾಡಿ ಎರಡು ಪಟ್ಟು ಏರಿಸ್ತೀವಿ, ಸಿಗ್ನಲ್ಲೂ ಎರಡು ಪಟ್ಟಾದ್ರೆ ಸರಿ, ಆ ಸಾಲು ಬಾಗೋಕೆ ಶುರುವಾದ್ರೆ ಅಲ್ಲಿಂದ ಹಿಂದೆ. ಪ್ರತಿ ಸ್ಪೆಕ್ಟ್ರಂ ಆದ್ಮೇಲೂ ಎತ್ತರ ಮತ್ತೆ ನೋಡ್ತೀವಿ.

ಮ್ಯಾಪ್ ತೆಗೆಯೋದು ಮೂರು ನಂಬರ್‌ನಲ್ಲಿ, 1655 ಪ್ರೋಟೀನಿಗೆ, 1740 ಕೊಬ್ಬಿಗೆ, 1800 ಯಾರಿಗೂ ಅಲ್ಲ. ಈ 1800ರದ್ದೇ ಮುಖ್ಯ ಅಂತ ನನ್ನ ಅಭಿಪ್ರಾಯ. ಅಲ್ಲಿ ಏನೂ ಹೀರ್ಕೊಳ್ಳಲ್ಲ, ಆದ್ರೂ ಇವಿ ಕಂಡ್ರೆ ಅದು ಕೆಮಿಸ್ಟ್ರಿ ಅಲ್ಲ, ಇವಿ ಮೆತ್ತಗಿದೆ ಚಿನ್ನ ಗಟ್ಟಿ ಇದೆ ಅನ್ನೋದಷ್ಟೇ ಸಿಗ್ನಲ್ ಒಳಗೆ ನುಸುಳಿದೆ ಅಂತ. ನಮ್ಮಲ್ಲಿ ಮೊದಲು ಜೋರಾಗೇ ಕಾಣ್ತಿತ್ತು, ಟ್ಯಾಪಿಂಗ್ ಸೆಟ್‌ಪಾಯಿಂಟ್ (ಎಷ್ಟು ಜೋರಾಗಿ ತಟ್ಟಬೇಕು ಅನ್ನೋದು) ತಿದ್ದಿದ ಮೇಲೆ ಮಂಕಾಯ್ತು, ಉಳಿದಿದ್ದನ್ನ ಕಳೀತೀವಿ. 256 ಸಾಲು, ಎರಡು ಸೆಕೆಂಡಿಗೊಂದು ಸಾಲು, ಒಂದು ಮ್ಯಾಪಿಗೆ ಎಂಟೂವರೆ ನಿಮಿಷ. ಅಷ್ಟರಲ್ಲಿ ಸ್ಯಾಂಪಲ್ ಹತ್ತಾರು ನ್ಯಾನೋಮೀಟರ್ ಜರುಗಿರತ್ತೆ, ಮೂರು ಮ್ಯಾಪನ್ನ ಹೈಟ್ ಇಮೇಜ್ ಇಟ್ಕೊಂಡು ಒಂದರ ಮೇಲೊಂದು ಕೂರಿಸ್ಬೇಕು.

ಕಣದ ದಪ್ಪ ಜಾಸ್ತಿ ಇದ್ರೆ ಎಲ್ಲಾ ಪೀಕೂ ದೊಡ್ಡದಾಗತ್ತೆ, ಹಾಗಾಗಿ ಪೀಕ್ ಎತ್ತರ ನೋಡಲ್ಲ, 1740ನ್ನ 1655ರಿಂದ ಭಾಗಿಸಿ ನೋಡ್ತೀವಿ. ಇಪ್ಪತ್ತು ಚಿಲ್ಲರೆ ಕಣ ಆಗಿದೆ ಇಲ್ಲಿಗೆ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕಣಗಳಲ್ಲಿ ಪ್ರೋಟೀನೂ ಇದೆ, ಕೊಬ್ಬೂ ಇದೆ, ಹೊಸ ತೊಳೆದ ಟಿಪ್‌ನಲ್ಲಿ 1240 ಅಗಲವಾಗಿ, ನಾಚ್ಕೊಂಡು ಬಂತು, ಇದು ನಿಜವಾದ ಫಾಸ್ಫೇಟು, 1260ರ ಚೂಪಿಗೂ ಇದಕ್ಕೂ ಹೋಲಿಕೇನೇ ಇಲ್ಲ. ಕೆಲವು ಕಣದಲ್ಲಿ 1740 ಸುಳಿವೇ ಇಲ್ಲ, ಬರೀ ಅಮೈಡ್, ಹೈಟ್‌ನಲ್ಲಿ ಅಪ್ಪಟ ಇವಿ ತರ ದುಂಡಗೆ ಕೂತಿದ್ರೂ ಅವು ಪ್ರೋಟೀನ್ ಉಂಡೆಗಳೇ. ಮೂರು ಕಣದಲ್ಲಿ ಉಲ್ಟಾ, 1740 ಜೋರು, ಅಮೈಡ್ ಬಡಕಲು. ಲೈಪೋಪ್ರೋಟೀನ್ ಒಳಗೆ ಕೊಲೆಸ್ಟರಾಲ್ ಎಸ್ಟರು, ಟ್ರೈಗ್ಲಿಸರೈಡು ತುಂಬಿರತ್ತೆ, ಅದಕ್ಕೇ ಎಸ್ಟರ್ ಪೀಕ್ ಹಾಗೆ ಬರತ್ತೆ. ಗೆಳತಿಗೆ ತೋರಿಸ್ದೆ. "ಸೀರಂ ತೆಗೆದ್ಮೇಲೆ ಪ್ಲೇಟನ್ನ ಒಂದೇ ಸಲ ತೊಳೆದಿದ್ದೆ" ಅಂದ್ಲು ಸ್ವಲ್ಪ ಹೊತ್ತು ಸುಮ್ಮನಿದ್ದು. ಮುಂದಿನ ಬ್ಯಾಚ್‌ಗೆ ಮೂರು ಸಲ ತೊಳೀತಾಳಂತೆ.

14ನೇ ಕಣ ಒಂದು ಬಾಕಿ ಇದೆ. ಅದರ ಅಮೈಡ್ ಒನ್ 1655ರಲ್ಲಿ ನಿಲ್ದೆ 1630ರ ಕಡೆಗೆ ಒಂದು ಹೆಗಲು ಬಿಟ್ಟಿದೆ. ಪ್ರೋಟೀನು ಬೀಟಾ ಹಾಳೆಯಾಗಿ ಮಡಚಿದ್ರೆ ಹಾಗೆ ಬರತ್ತೆ, ಆದ್ರೆ ಒಳಗೆ ನೀರು ಉಳಿದಿದ್ರೂ ಅಲ್ಲೇ ಬರತ್ತೆ, ನೀರಿನದ್ದು 1640. ಒಂದು ಸಲ ಡಂಗುರ ಹೊಡ್ದು ಬುದ್ಧಿ ಬಂದಿರೋದ್ರಿಂದ ಈ ಸಲ ಯಾರಿಗೂ ಹೇಳಿಲ್ಲ. ಸ್ಯಾಂಪಲ್ ಮತ್ತೆ ಡೆಸಿಕೇಟರ್‌ಗೆ ಹೋಗಿದೆ, ಎರಡು ರಾತ್ರಿ ಇಟ್ಟು ಅದೇ ಕಣ ಹುಡುಕಿ ಮತ್ತೆ ಅಳೀಬೇಕು, ಗುರುತಿಗೆ ಪಕ್ಕದಲ್ಲಿ ಟಿಪ್‌ನಿಂದಲೇ ಒಂದು ಗೀರು ಹಾಕಿಟ್ಟಿದೀನಿ.